ಗದಗ ಕಡೆ ಎರಡು ದಿನ: ಅಮ್ಮನಿಗೆ ಬಸದಿ, ನನಗೆ ಮಾಗಡಿ ಕೆರೆ. ಹೊಂದಿಸೋದು ಹೇಗೆ?

ದುರ್ಬೀನು:
ಎಲ್ಲರಿಗೂ ನಮಸ್ಕಾರ. ಜನವರಿ ಎರಡನೇ ವಾರ ಅಮ್ಮನ ಜೊತೆ ಗದಗಕ್ಕೆ ಹೊರಟಿದ್ದೇನೆ. ಬೆಂಗಳೂರಿನಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್, ಅಲ್ಲಿ ಎರಡು ದಿನ, ಆಮೇಲೆ ವಾಪಸ್. ಅಮ್ಮನಿಗೆ 68. ನಾವು ಜೈನರು, ಮೂಲ ಹಾಸನದ ಕಡೆ. ಶ್ರವಣಬೆಳಗೊಳ ನಮಗೆ ಪಕ್ಕದ ಮನೆ ಇದ್ದ ಹಾಗೆ, ಮೂಡುಬಿದಿರೆ, ಕಾರ್ಕಳ, ಹುಂಚ ಎಲ್ಲ ಆಗಿದೆ. ಅತ್ತಿಮಬ್ಬೆ ಕಟ್ಟಿಸಿದ ಬಸದಿ ಒಂದು ನೋಡಿಲ್ಲ ಅಂತ ಅಮ್ಮ ಹತ್ತು ವರ್ಷದಿಂದ ಹೇಳುತ್ತಲೇ ಇದ್ದಾರೆ. ಹಾಗಾಗಿ ಲಕ್ಕುಂಡಿ, ಆಮೇಲೆ ಲಕ್ಷ್ಮೇಶ್ವರದ ಶಂಖ ಬಸದಿ.

ನನ್ನ ಆಸೆ ಬೇರೆ. ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತು. ಅವು ಗುಂಪುಗುಂಪಾಗಿ ಕೆರೆ ಬಿಟ್ಟು ಏಳುವುದನ್ನು ಒಮ್ಮೆ ನೋಡಬೇಕು.

ಈಗ ಸಮಸ್ಯೆ ಹೇಳುತ್ತೇನೆ. ಅಮ್ಮ ಹೊತ್ತು ಮುಳುಗಿದ ಮೇಲೆ ಏನೂ ತಿನ್ನುವುದಿಲ್ಲ, ನೀರೂ ಇಲ್ಲ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಕ್ಯಾರೆಟ್ ಯಾವುದೂ ನಡೆಯೋದಿಲ್ಲ. ಹಕ್ಕಿ ಏಳುವುದೂ ಅದೇ ಹೊತ್ತು ಮುಳುಗುವಾಗ. ಅಂದ್ರೆ ನಾನು ಕೆರೆ ಏರಿ ಮೇಲೆ ಇರಬೇಕಾದ ಹೊತ್ತಿಗೆ ಅಮ್ಮ ಎಲ್ಲೋ ಊಟಕ್ಕೆ ಕೂತಿರಬೇಕು. ಹೋದ ವರ್ಷ ಬೇರೆ ಒಂದು ಊರಲ್ಲಿ ಇದೇ ಆಗಿ, ಹೋಟೆಲಿನವನು 'ಐದೇ ನಿಮಿಷ' ಅಂತ ಹೇಳಿ ಮುಕ್ಕಾಲು ಗಂಟೆ ಕಾಯಿಸಿ, ಅಷ್ಟರಲ್ಲಿ ಕತ್ತಲಾಗಿ, ಅಮ್ಮ ಆ ರಾತ್ರಿ ಉಪವಾಸ ಮಲಗಿದರು. ಮತ್ತೆ ಹಾಗಾಗಬಾರದು. ಮಂಡಿ ನೋವು ಬೇರೆ ಇದೆ, ಜಾಸ್ತಿ ಮೆಟ್ಟಿಲು ಆಗೋದಿಲ್ಲ. ಎಲ್ಲಿ ಉಳಿದುಕೊಳ್ಳಲಿ, ಬಸ್ಸು ಸಾಕಾ ಕಾರು ಬೇಕಾ, ಯಾವುದು ಮೊದಲು ಯಾವುದು ಆಮೇಲೆ? ಆ ಕಡೆಯವರು ಯಾರಾದರೂ ಇದ್ದರೆ ಹೇಳಿ.

ಮುಳಗುಂದ ನಾಕಾ:
ಬನ್ರಿ ಬನ್ರಿ. ಮೊದಲು ಒಂದು ಎಚ್ಚರಿಕೆ. ಮ್ಯಾಪಿನಲ್ಲಿ ಬರೀ 'ಮಾಗಡಿ' ಅಂತ ಹಾಕಿದರೆ ಬೆಂಗಳೂರಿನ ಪಕ್ಕದ ಮಾಗಡಿ ತೋರಿಸುತ್ತದೆ. ನಮ್ಮದು ಶಿರಹಟ್ಟಿ ಕಡೆಯ ಮಾಗಡಿ. ನಗಬೇಡಿ, ನಮ್ಮ ಅಳಿಯನೇ ಹೀಗೆ ಮೋಸ ಹೋಗಿದ್ದಾನೆ.

ಉಳಿಯುವುದು ಗದಗದಲ್ಲೇ ಆಗಲಿ. ಲಕ್ಕುಂಡಿ ಕೊಪ್ಪಳ ರಸ್ತೆಯಲ್ಲಿ 12 ಕಿಲೋಮೀಟರ್. ಮಾಗಡಿ ಇನ್ನೊಂದು ದಿಕ್ಕಿಗೆ, ಲಕ್ಷ್ಮೇಶ್ವರದ ಕಡೆ ಸುಮಾರು 26. ಅಲ್ಲಿಂದ ಲಕ್ಷ್ಮೇಶ್ವರ ಮತ್ತೆ 11. ಆದ್ದರಿಂದ ಒಂದು ದಿನ ಲಕ್ಕುಂಡಿ, ಒಂದು ದಿನ ಮಾಗಡಿ ಮತ್ತು ಲಕ್ಷ್ಮೇಶ್ವರ. ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ. ಲಕ್ಕುಂಡಿಗೆ ಬಸ್ಸು ಸಾಕು. ಎರಡನೇ ದಿನಕ್ಕೆ ಕಾರು ಮಾಡಿಕೊಳ್ಳಿ, ಅವ್ವಾರನ್ನ ಕರಕೊಂಡು ಕತ್ತಲಲ್ಲಿ ಹಳ್ಳಿ ರಸ್ತೆಯಲ್ಲಿ ಬಸ್ಸು ಕಾಯೋದು ಬೇಡ.

ಊಟದ ಚಿಂತೆ ಬಿಡಿ, ಖಾನಾವಳಿ ಊರಿದು. 'ಉಳ್ಳಾಗಡ್ಡಿ ಬಳ್ಳೊಳ್ಳಿ ಬ್ಯಾಡ' ಅಂತ ಬೆಳಿಗ್ಗೆಯೇ ಹೇಳಿ ಹೋಗಿ. ಹೋಗಿ ಕೂತ ಮೇಲೆ ಹೇಳಿದರೆ ಏನೂ ಸಿಗೋದಿಲ್ಲ, ಯಾಕಂದ್ರೆ ಒಗ್ಗರಣೆ ಆಗಲೇ ಬಿದ್ದಿರುತ್ತದೆ. ಕಟಕ್ ರೊಟ್ಟಿ, ಹೆಸರುಕಾಳು, ಶೇಂಗಾ ಪುಡಿ, ಮೊಸರು, ಇಷ್ಟು ಕಟ್ಟಿಸಿಕೊಳ್ಳಿ. ಪುಡಿಗೂ ಬಳ್ಳೊಳ್ಳಿ ಹಾಕಿರುತ್ತಾರೆ, ಅದನ್ನೂ ಕೇಳಿಯೇ ತಗೊಳ್ಳಿ. ಕಟಕ್ ರೊಟ್ಟಿ ಎರಡು ದಿನವಾದರೂ ಏನೂ ಆಗೋದಿಲ್ಲ. ಹೋಟೆಲಿನವನ ಐದು ನಿಮಿಷಕ್ಕೆ ಕಾಯುವ ಕೆಲಸವೇ ಇಲ್ಲ. ಅವರು ಕೆರೆ ಏರಿ ಮೇಲೆ ಕೂತೇ ಊಟ ಮಾಡಲಿ, ನೀವು ಹಕ್ಕಿ ನೋಡಿ.

ಕಂಬದ ಮರೆ:
ಶೇಂಗಾ ನೆಲದ ಒಳಗೆ ಬೆಳೆಯೋದಲ್ವಾ, ಜೈನರು ತಿನ್ನುತ್ತಾರಾ?

ದುರ್ಬೀನು:
ತಿನ್ನುತ್ತೇವೆ. ಅದು ಕಾಳು, ಗಡ್ಡೆ ಅಲ್ಲ. ಈ ಪ್ರಶ್ನೆ ನನಗೆ ವರ್ಷಕ್ಕೆ ನಾಲ್ಕು ಸಲ ಬರುತ್ತದೆ :) ಕಟ್ಟಿಸಿಕೊಂಡು ಹೋಗುವ ಉಪಾಯ ಇಷ್ಟು ಸುಲಭವಾಗಿದ್ದರೂ ನನ್ನ ತಲೆಗೆ ಹೊಳೆದಿರಲಿಲ್ಲ. ಲಕ್ಕುಂಡಿಯಲ್ಲಿ ಎಷ್ಟು ಹೊತ್ತು ಬೇಕು?

ಬಳಪದ ಕಲ್ಲು:
ಲಕ್ಕುಂಡಿಗೆ ಅರ್ಧ ದಿನ ಅನ್ನುವವರ ಮಾತು ಕೇಳಬೇಡಿ. ನೂರೊಂದು ಗುಡಿ ನೂರೊಂದು ಬಾವಿ ಅಂತ ಆ ಊರಿನ ಬಗ್ಗೆ ಮಾತಿದೆ, ಎಲ್ಲವನ್ನೂ ಎಣಿಸೋಕೂ ಹೋಗಬೇಡಿ. ಮೂರು ಜಾಗ ಸಾಕು: ಬ್ರಹ್ಮ ಜಿನಾಲಯ, ಕಾಶಿವಿಶ್ವನಾಥ, ಮಾಣಿಕೇಶ್ವರದ ಪಕ್ಕದ ಮುಸುಕಿನ ಬಾವಿ.

ಬ್ರಹ್ಮ ಜಿನಾಲಯವೇ ಅತ್ತಿಮಬ್ಬೆ ಕಟ್ಟಿಸಿದ ಬಸದಿ, 1007ರದು. ಅಲ್ಲಿಗೆ ಹೋದಾಗ ಕಲ್ಲನ್ನು ನೋಡಿ. ಬಾದಾಮಿ, ಐಹೊಳೆಯ ಕೆಂಪು ಮರಳುಗಲ್ಲಲ್ಲ, ಹಸಿರು ಮಿಶ್ರಿತ ಬೂದು ಬಣ್ಣದ ಬಳಪದ ಕಲ್ಲು. ಮೆದುವಾದ ಕಲ್ಲು, ಅದಕ್ಕೇ ಉಳಿ ಅಷ್ಟು ಸಣ್ಣ ಕೆಲಸ ಮಾಡಿದೆ. ಮುಂದೆ ಬೇಲೂರು ಹಳೇಬೀಡಿನಲ್ಲಿ ನಾವು ಬಾಯಿ ಬಿಟ್ಟು ನೋಡುವುದೂ ಇಂಥದೇ ಕಲ್ಲಿನ ಕೆಲಸ. ನೀವು ಹಾಸನದ ಕಡೆಯವರು, ಕೈ ಇಟ್ಟ ತಕ್ಷಣ ಗುರುತು ಸಿಗುತ್ತದೆ. ಒಳಗೆ ನಾಲ್ಕು ಮುಖದ ಬ್ರಹ್ಮ ಮತ್ತು ಪದ್ಮಾವತಿ ನಿಂತಿದ್ದಾರೆ. ಜಿನಾಲಯದಲ್ಲಿ ಬ್ರಹ್ಮ ಏನು ಮಾಡುತ್ತಿದ್ದಾನೆ ಅಂತ ಕೇಳುವವರೇ ಜಾಸ್ತಿ. ಅದು ಯಕ್ಷ, ಅಂದ್ರೆ ಜಿನನ ಸೇವೆಯಲ್ಲಿರುವ ದೇವತೆ.

ನಿಮ್ಮ ತಾಯಿಯವರಿಗೆ ಅತ್ತಿಮಬ್ಬೆ ಕಥೆ ಗೊತ್ತೇ ಇರುತ್ತದೆ. ಗಂಡ ನಾಗದೇವ ಯುದ್ಧದಲ್ಲಿ ಸತ್ತ. ಅವನ ಇನ್ನೊಬ್ಬ ಹೆಂಡತಿ, ಅತ್ತಿಮಬ್ಬೆಯ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಚಿಕ್ಕ ಮಗನಿಗಾಗಿ ಉಳಿದಳು. ಉಳಿದು ಮಾಡಿದ್ದೇನು ನೋಡಿ: ಪೊನ್ನನ ಶಾಂತಿಪುರಾಣ ಮರೆಯಾಗಿ ಹೋಗಬಾರದು ಅಂತ ಸಾವಿರ ಪ್ರತಿ ಬರೆಸಿ ಹಂಚಿದಳು. ಅಚ್ಚಿನ ಯಂತ್ರ ಇಲ್ಲದ ಕಾಲ, ಒಂದೊಂದು ಓಲೆಯನ್ನೂ ಕೈಯಲ್ಲೇ ಬರೆಯಬೇಕು. ರನ್ನನಿಗೂ ಆಸರೆ ಆದವಳು ಇವಳೇ. ದಾನಚಿಂತಾಮಣಿ ಅಂತ ಜನ ಸುಮ್ನೆ ಕರೆಯಲಿಲ್ಲ.

ಒಂದು ಮಾತು, ಅದು ಪುರಾತತ್ವ ಇಲಾಖೆಯ ಕಾವಲಿನ ಸ್ಮಾರಕ. ಅಭಿಷೇಕ, ಆರತಿ ಅಂತ ಅಂದುಕೊಂಡು ಹೋದರೆ ಅಮ್ಮನಿಗೆ ಬೇಜಾರಾಗಬಹುದು. ಪೂಜೆ ಬೇಕಾದರೆ ಲಕ್ಷ್ಮೇಶ್ವರ. ಮುಸುಕಿನ ಬಾವಿಗೆ ಮಾತ್ರ ಅವರನ್ನು ಇಳಿಸಬೇಡಿ, ಮೆಟ್ಟಿಲು ಕಡಿದು. ಮೇಲಿನಿಂದಲೇ ಚೆನ್ನಾಗಿ ಕಾಣುತ್ತದೆ, ಬಾವಿಯ ಗೋಡೆಯಲ್ಲಿ ಪುಟ್ಟ ಪುಟ್ಟ ಗುಡಿಗಳಿವೆ.

ಬೆಂಗಳೂರು ಬಿಸಿಲು:
ಇಷ್ಟೆಲ್ಲ ಯಾಕೆ, ಶ್ರೀರಂಗಪಟ್ಟಣದ ಪಕ್ಕ ರಂಗನತಿಟ್ಟು ಇದೆ, ದೋಣಿಯಲ್ಲಿ ಕೂತು ಹಕ್ಕಿ ನೋಡಬಹುದು. ಎಲ್ಲ ಸೈಬೀರಿಯಾ ಹಕ್ಕಿಗಳೇ ಅಲ್ವಾ?

ಕೆಸರು ಕಾಲು:
ಅಲ್ಲ ಸಾರ್. ರಂಗನತಿಟ್ಟಿಗೆ ನಾನೂ ಹೋಗುತ್ತೇನೆ, ಆದರೆ ಅಲ್ಲಿನ ಗೂಡು ಕಟ್ಟುವ ಕೊಕ್ಕರೆಗಳ ಕಥೆ ಬೇರೆ, ಇದು ಬೇರೆ. ಪಟ್ಟೆತಲೆ ಹೆಬ್ಬಾತು ಇಲ್ಲಿ ಗೂಡು ಕಟ್ಟುವುದಿಲ್ಲ, ಚಳಿಗಾಲ ಕಳೆಯಲು ಬರುತ್ತದೆ ಅಷ್ಟೇ. ಬರುವುದೂ ಸೈಬೀರಿಯಾದಿಂದಲ್ಲ, ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆಯಿಂದ. ಹಿಮಾಲಯ ದಾಟುವಾಗ 7,000 ಮೀಟರ್‌ಗೂ ಮೇಲೆ ಹಾರಿದ ದಾಖಲೆ ಇದೆ. ಬಿಳಿ ತಲೆ, ಹಿಂಭಾಗಕ್ಕೆ ಎರಡು ಕಪ್ಪು ಪಟ್ಟಿ, ಹಳದಿ ಕೊಕ್ಕು, ಕಿತ್ತಳೆ ಕಾಲು. ಒಮ್ಮೆ ನೋಡಿದರೆ ಮರೆಯೋದಿಲ್ಲ.

ಮಾಗಡಿ ಕೆರೆ ದೊಡ್ಡದೇನಲ್ಲ, 50 ಹೆಕ್ಟೇರ್ ಆಸುಪಾಸು. ನೀರಾವರಿಗೆ ಮಳೆ ನೀರು ನಿಲ್ಲಿಸಲು ಕಟ್ಟಿದ ಕೆರೆ. 166ಕ್ಕೂ ಹೆಚ್ಚು ಬಗೆಯ ಹಕ್ಕಿ ದಾಖಲಾಗಿವೆ, ಅದರಲ್ಲಿ 130 ವಲಸೆ ಬರುವಂಥವು. ಹೆಬ್ಬಾತು ಚಳಿಗಾಲಕ್ಕೆ ಸುಮಾರು 8,000 ಬರುತ್ತವೆ ಅನ್ನುವುದು ಅಧಿಕೃತ ಲೆಕ್ಕ, ದಕ್ಷಿಣ ಭಾರತದಲ್ಲಿ ಇಷ್ಟು ಸೇರುವ ಜಾಗ ಕಡಿಮೆ. 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿಗೆ, ಅಂದ್ರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು, ಅಂಕಸಮುದ್ರ, ಅಘನಾಶಿನಿ ಅಳಿವೆ ಜೊತೆಗೆ. ಆದರೆ ಮಳೆ ಕೈಕೊಟ್ಟು ಕೆರೆ ಬತ್ತಿದ ವರ್ಷ ಯಾವ ಪಟ್ಟಿಯೂ ಹಕ್ಕಿ ತರಿಸೋದಿಲ್ಲ. ಹೊರಡುವ ಮುಂಚೆ ಅಲ್ಲಿ ನೀರು ಇದೆಯಾ ಅಂತ ಯಾರನ್ನಾದರೂ ಕೇಳಿ. ಮಾಗಡಿಯಲ್ಲಿ ಇಲ್ಲದಿದ್ದರೆ ಶೆಟ್ಟಿಕೇರಿ ಕೆರೆಯಲ್ಲಿ ಇರಬಹುದು.

ಈಗ ನಿಮ್ಮ ಸಮಯದ ಲೆಕ್ಕ. ಹಗಲೆಲ್ಲ ಹೆಬ್ಬಾತು ಕೆರೆಯಲ್ಲಿ ಮತ್ತು ದಡದಲ್ಲಿ ಕೂತು ನಿದ್ದೆ ಹೊಡೆಯುತ್ತವೆ. ಕತ್ತಲಾಗುವ ಹೊತ್ತಿಗೆ ಹೊಲಕ್ಕೆ ಮೇಯಲು ಹೋಗುತ್ತವೆ, ಬೆಳಿಗ್ಗೆ ಬಿಸಿಲೇರುವ ಮುಂಚೆ ವಾಪಸ್. ಅಂದ್ರೆ ಬೆಳಿಗ್ಗೆ ಇಳಿಯುವುದನ್ನೂ ನೋಡಬಹುದು. ಆ ಚಳಿಯಲ್ಲಿ ಅಮ್ಮನನ್ನು ಎಬ್ಬಿಸಲು ಮನಸ್ಸಾದರೆ ಮಾತ್ರ. ನನಗಂತೂ ಸಂಜೆಯೇ ಇಷ್ಟ. ಮೊದಲು ಸದ್ದು ಶುರುವಾಗುತ್ತದೆ, ಹತ್ತು ನಿಮಿಷ ಬರೀ ಕೊಂಕ್ ಕೊಂಕ್ ಅಂತ ಗಲಾಟೆ, ಆಮೇಲೆ ಒಂದು ಗುಂಪು ಏಳುತ್ತದೆ, ಮತ್ತೊಂದು, ಮತ್ತೊಂದು.

ಯಾವುದಾದರೂ ಹಕ್ಕಿಯ ಕೊರಳಿಗೆ ಬಣ್ಣದ ಪಟ್ಟಿ ಇದ್ದರೆ ಅದರ ಮೇಲಿನ ಅಕ್ಷರ ಮತ್ತು ಅಂಕಿ ಕಾಣುವಂತೆ ಫೋಟೋ ತೆಗೆಯಿರಿ. ಮಂಗೋಲಿಯಾದಲ್ಲಿ ಪಟ್ಟಿ ಹಾಕಿದ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಸಿಕ್ಕಿವೆ. ಇನ್ನು ಡ್ರೋನ್ ಬೇಡ. ಕಳೆದ ಸಲ ಒಬ್ಬ ಪುಣ್ಯಾತ್ಮ ಹಾರಿಸಿ ಇಡೀ ಕೆರೆಯನ್ನು ಮಧ್ಯಾಹ್ನ ಎರಡಕ್ಕೇ ಖಾಲಿ ಮಾಡಿದ.

ಎರೆ ಹೊಲ:
ನಾನು ಅಲ್ಲೇ ಹತ್ತಿರದ ಊರಿನವನು. ಎಲ್ಲರೂ ಹಕ್ಕಿ ಚೆಂದ ಅಂತ ಬರೆಯುತ್ತೀರಿ, ಅವು ರಾತ್ರಿ ಮೇಯುವುದು ಯಾರ ಹೊಲದಲ್ಲಿ ಅಂತ ಒಬ್ಬರೂ ಕೇಳೋದಿಲ್ಲ. ಹಿಂಗಾರಿ ಕಡಲೆ ಆಗಷ್ಟೇ ಎದ್ದಿರುತ್ತದೆ, ಬೆಳಿಗ್ಗೆ ಹೋಗಿ ನೋಡಿದರೆ ಒಂದು ಮೂಲೆ ಬೋಳು. ನಮ್ಮಪ್ಪ ಬೈಯುತ್ತಲೇ ಇರುತ್ತಾನೆ. ಆದರೂ ನಮ್ಮೂರಲ್ಲಿ ಯಾರೂ ಅವಕ್ಕೆ ಕಲ್ಲು ಹೊಡೆಯೋದಿಲ್ಲ.

ಹಕ್ಕಿಗಿಂತ ನನಗೆ ಸಿಟ್ಟು ಬರುವುದು ಕಾರಿನವರ ಮೇಲೆ. ಫೋಟೋ ಚೆನ್ನಾಗಿ ಬರಲಿ ಅಂತ ಬದುವಿನ ಮೇಲೆ ಗಾಡಿ ತರುತ್ತಾರೆ. ಎರೆ ಮಣ್ಣು ಸ್ವಾಮಿ, ಬೆಳಿಗ್ಗೆ ಇಬ್ಬನಿ ಬಿದ್ದಾಗ ಚಪ್ಪಲಿಗೆ ಹತ್ತಿದರೆ ಒಂದೊಂದು ಕಾಲು ಎರಡು ಕೇಜಿ ಆಗುತ್ತದೆ. ರಸ್ತೆ ಪಕ್ಕ ನಿಲ್ಲಿಸಿ ನಡೆದುಕೊಂಡು ಬನ್ನಿ. ನಿಮ್ಮ ತಾಯಿಯವರಿಗೆ ಒಂದು ಮಡಚುವ ಕುರ್ಚಿ ತನ್ನಿ, ಕೂರಲು ಅಲ್ಲಿ ಏನಾದರೂ ಇರುತ್ತದೆ ಅಂತ ನಂಬಿಕೊಂಡು ಬರಬೇಡಿ.

ದುರ್ಬೀನು:
ಕುರ್ಚಿ ಬ್ಯಾಗಿಗೆ ಹೋಯಿತು. ಗಾಡಿ ರಸ್ತೆಯಲ್ಲೇ, ಮಾತು ಕೊಡುತ್ತೇನೆ. ಲಕ್ಷ್ಮೇಶ್ವರದ ಬಗ್ಗೆ ಯಾರಾದರೂ ಒಂದೆರಡು ಸಾಲು?

ಬಳಪದ ಕಲ್ಲು:
ಹಳೆಯ ಹೆಸರು ಪುಲಿಗೆರೆ. ತನ್ನ ಕನ್ನಡ ಪುಲಿಗೆರೆಯ ತಿರುಳ ಕನ್ನಡ ಅಂತ ಪಂಪ ಹೇಳಿಕೊಂಡಿದ್ದು ಈ ಊರನ್ನೇ. ಶಂಖ ಬಸದಿ ನೇಮಿನಾಥನದು, ಶಂಖ ಅವನ ಲಾಂಛನ. ಒಳಗೆ ಸಹಸ್ರಕೂಟ ಇದೆ, ಒಂದೇ ಕಲ್ಲಿನಲ್ಲಿ ಸಾವಿರದಷ್ಟು ಪುಟ್ಟ ಜಿನಬಿಂಬ. ಅಮ್ಮ ಅಲ್ಲಿಂದ ಬೇಗ ಏಳೋದಿಲ್ಲ, ಮೊದಲೇ ಹೇಳಿದ್ದೇನೆ. ಅನಂತನಾಥ ಬಸದಿಯೂ ಊರಲ್ಲೇ. ಹೊತ್ತು ಉಳಿದರೆ ಸೋಮೇಶ್ವರ ಗುಡಿ ನೋಡಿ, ನಂದಿ ಮೇಲೆ ಶಿವ ಪಾರ್ವತಿ ಇಬ್ಬರೂ ಕೂತಿದ್ದಾರೆ. ಬೆಳಿಗ್ಗೆ ಲಕ್ಷ್ಮೇಶ್ವರ ಮುಗಿಸಿ, ವಾಪಸ್ ಬರುತ್ತಾ ಸಂಜೆ ನಾಲ್ಕೂವರೆಗೆ ಮಾಗಡಿ.

ದುರ್ಬೀನು:
ಹೋಗಿ ಬಂದೆವು. ಹೇಳಿದ ಎಲ್ಲರಿಗೂ ಥ್ಯಾಂಕ್ಸ್, ಸ್ವಲ್ಪ ಉದ್ದ ಬರೆಯುತ್ತೇನೆ.

ಲಕ್ಕುಂಡಿಯಲ್ಲಿ ಅಮ್ಮ ಒಳಗೆ ಹೋದವರು ಒಂದು ಕಂಬದ ಪಕ್ಕ ಕೂತು ಬಿಟ್ಟರು. ಪೂಜೆ ಇಲ್ಲ ಅಂತ ಬೇಜಾರಾಗುತ್ತಾರೆ ಅಂದುಕೊಂಡಿದ್ದೆ. ಆಗಲಿಲ್ಲ. ಕಂಬದ ಮೇಲೆ ಬೆರಳು ಆಡಿಸುತ್ತಾ, ನಮ್ಮ ಕಡೆ ಕಲ್ಲು ಇದ್ದ ಹಾಗೇ ಇದೆ ಕಣೋ, ಅಂದರು. ಬಳಪದ ಕಲ್ಲು ಅವರೇ, ನೀವು ಹೇಳಿದ್ದನ್ನು ನಾನು ಅವರಿಗೆ ಹೇಳಿರಲಿಲ್ಲ.

ಎರಡನೇ ದಿನ ಎಡವಟ್ಟು. ಬಾಡಿಗೆ ಕಾರಿನವರು ಏಳಕ್ಕೆ ಬರುತ್ತೇವೆ ಅಂದವರು ಒಂಬತ್ತೂವರೆಗೆ ಬಂದರು, ನಡುವೆ ಫೋನೂ ಎತ್ತಲಿಲ್ಲ. ಲಕ್ಷ್ಮೇಶ್ವರದಲ್ಲಿ ಅಮ್ಮ ಸಹಸ್ರಕೂಟದ ಮುಂದೆ ಕೂತರು. ಸೋಮೇಶ್ವರ ಗುಡಿ ತಪ್ಪಿತು. ಮಾಗಡಿ ಮುಟ್ಟಿದಾಗ ಐದು ಹತ್ತು.

ಏರಿ ಮೇಲೆ ಕುರ್ಚಿ ಹಾಕಿದೆ. ಅಮ್ಮ ಬುತ್ತಿ ಬಿಚ್ಚಿದರು. ರೊಟ್ಟಿ ಮುರಿದ ಸದ್ದಿಗೆ ಹತ್ತಿರದಲ್ಲಿದ್ದ ಒಂದು ಬಕ ಹಾರಿ ಹೋಯಿತು. ಹೆಸರುಕಾಳು, ಮೊಸರು, ಬಳ್ಳೊಳ್ಳಿ ಇಲ್ಲದ ಶೇಂಗಾ ಪುಡಿ. ನಾನು ದುರ್ಬೀನು ಹಿಡಿದು ಕೊರಳಪಟ್ಟಿ ಹುಡುಕಿದೆ, ಒಂದೂ ಸಿಗಲಿಲ್ಲ. ಆದರೆ ಹೆಬ್ಬಾತು, ಅಬ್ಬಾ, ಆಚೆ ದಡ ಪೂರ್ತಿ ಬೂದು ಬಣ್ಣ. ಆರಕ್ಕೆ ಅಮ್ಮ ಕೈ ತೊಳೆದು, ಕೊನೆಯ ಗುಟುಕು ನೀರು ಕುಡಿದು, ಡಬ್ಬಿ ಮುಚ್ಚಿದರು. ಸದ್ದು ಶುರುವಾಗಿತ್ತು. ಸೂರ್ಯ ಮುಳುಗಿ ಸ್ವಲ್ಪ ಹೊತ್ತಿಗೆ ಮೊದಲ ಗುಂಪು ಎದ್ದಿತು. ನಮ್ಮ ತಲೆ ಮೇಲೇ ಹೋದವು, ರೆಕ್ಕೆ ಗಾಳಿ ಕೇಳಿಸುವಷ್ಟು ಕೆಳಗೆ.

ಅಮ್ಮ ಕತ್ತೆತ್ತಿ ನೋಡುತ್ತಾ ಕೇಳಿದರು: ಇಷ್ಟು ಹೊತ್ತಲ್ಲಿ ಎಲ್ಲಿಗೆ ಹೊರಟವು?

ಊಟಕ್ಕೆ ಅಂದೆ.

ಈಗಲಾ, ಅಂತ ಮುಖ ಸಣ್ಣ ಮಾಡಿದರು. ಕತ್ತಲಾದ ಮೇಲೆ ಇವಕ್ಕೆ ಯಾರು ಬಡಿಸುತ್ತಾರಂತೆ?

ಎರೆ ಹೊಲ:
ನಾವ್ರೀ. ನಮ್ಮಪ್ಪನ ಕಡ್ಲಿ ಹೊಲದಾಗ.