ಇಂಗ್ಲಿಷಿನ ‘ಅಡ್ಮಿನಿಸ್ಟರ್’ ಎಲ್ಲೆಲ್ಲಿ ಬಳಸೂದು?

ಪ್ರಶ್ನೆ (ವಿಜಯಪುರ):
ಜಿಲ್ಲಾ ಆಡಳಿತಕ್ಕೂ ಅಡ್ಮಿನಿಸ್ಟರ್, ಇಂಜೆಕ್ಷನ್ ಕೊಡೂದಕ್ಕೂ ಅದೇ, ಪ್ರಮಾಣವಚನಕ್ಕೂ ಅದೇ. ಪರೀಕ್ಷೆಯೊಳಗ ವಾಕ್ಯ ಹೆಂಗ ಕಟ್ಟಬೇಕ್ರಿ?

ಉತ್ತರ 1 (ಬಾಗಲಕೋಟೆ):
ಔಷಧದ ಅರ್ಥದಾಗ ಹೆಚ್ಚು ತಪ್ಪತಾರ. ಡಾಕ್ಟರ್ ಬರದು ಕೊಟ್ರ ಪ್ರಿಸ್ಕ್ರೈಬ್, ಔಷಧ ಅಂಗಡ್ಯಾಗ ಕೊಟ್ರ ಡಿಸ್ಪೆನ್ಸ್, ನರ್ಸ್ ರೋಗಿಗೆ ಹಾಕಿದ್ರ, ಕುಡಿಸಿದ್ರ ಅಡ್ಮಿನಿಸ್ಟರ್. ಕ್ರಿಯಾಪದ ಆದ ಕೂಡಲೇ ಔಷಧ ಬರಬೇಕು, ಆಮೇಲೆ ‘ಟು’, ಆಮೇಲೆ ರೋಗಿ: ‘ದಿ ನರ್ಸ್ ಅಡ್ಮಿನಿಸ್ಟರ್ಡ್ ದಿ ವ್ಯಾಕ್ಸಿನ್ ಟು ದಿ ಚೈಲ್ಡ್.’ ‘ಅಡ್ಮಿನಿಸ್ಟರ್ಡ್ ದಿ ಚೈಲ್ಡ್ ವಿತ್ ವ್ಯಾಕ್ಸಿನ್’ ಅಂತ ಬರೀಬ್ಯಾಡ್ರಿ. ‘ಮಗುವಿಗೆ ಲಸಿಕೆ ಹಾಕಿದರು’ ಅನ್ನೂ ಕನ್ನಡದ ಕ್ರಮದಾಗ ಮಗು ಮೊದಲು ಬರತೈತಿ, ಅದಕ್ಕ ಈ ತಪ್ಪು ನುಸುಳತೈತಿ.

ಉತ್ತರ 2 (ಬೆಳಗಾವಿ):
ಪ್ರಮಾಣವಚನದಾಗ ಯಾರು ಬೋಧಿಸತಾರೋ ಅವರಿಗೆ ಈ ಕ್ರಿಯಾಪದ. ಮುಖ್ಯಮಂತ್ರಿಗೆ ರಾಜ್ಯಪಾಲರು ಬೋಧಿಸತಾರ, ಸಂವಿಧಾನದ 164(3)ನೇ ವಿಧಿ ನೋಡ್ರಿ. ಸ್ವೀಕರಿಸೋ ಮುಖ್ಯಮಂತ್ರಿಗೆ ‘ಟುಕ್ ದಿ ಓತ್’. ಇವೆರಡನ್ನ ಅದಲು ಬದಲು ಮಾಡಿದ್ರ ಅರ್ಥನ ತಿರುಗತೈತಿ.

ಆಸ್ತಿ ವಿಷಯಕ್ಕೂ ಬರತೈತ್ರಿ. ಉಯಿಲಿನಾಗ ಹೆಸರಿಸಿದವ ಎಕ್ಸಿಕ್ಯೂಟರ್. ಉಯಿಲು ಇಲ್ಲದಿದ್ದಾಗ ಕೋರ್ಟ್ ನೇಮಿಸಿದವ ಅಡ್ಮಿನಿಸ್ಟ್ರೇಟರ್. ಇಬ್ಬರೂ ಮಾಡೂದು ಎಸ್ಟೇಟ್ (ಸತ್ತವರು ಬಿಟ್ಟುಹೋದ ಆಸ್ತಿ) ಅಡ್ಮಿನಿಸ್ಟರ್ ಮಾಡೂ ಕೆಲಸನ.

ಉತ್ತರ 3 (ವಿಜಯಪುರ):
‘ಅಡ್ಮಿನಿಸ್ಟ್ರೇಟ್’ ಕೂಡ ನಿಘಂಟಿನಾಗ ಐತಿ, ಆದ್ರ ಆಡಳಿತದ ಅರ್ಥಕ್ಕಷ್ಟ. ಔಷಧ, ಪ್ರಮಾಣವಚನಕ್ಕ ಅದು ಹೊಂದೂದಿಲ್ಲ. ಸಣ್ಣ ರೂಪ ‘ಅಡ್ಮಿನಿಸ್ಟರ್’ ಅಂತನ ಬರೀರಿ. ಇನ್ನ, ರೋಗಿಯ ಆರೈಕೆ ಮಾಡೂದಕ್ಕ ‘ಮಿನಿಸ್ಟರ್ ಟು’ ಅಂತ ಬ್ಯಾರೆ ಪ್ರಯೋಗನ ಐತಿ.