1851 ನೇವಿ ರಿವಾಲ್ವರ್: ಒಡೆದ ಕೇಪು ಸಿಕ್ಕಿಕೊಳ್ಳುತ್ತಿದೆ, ಅರ ಹಿಡಿದು ಸರಿ ಮಾಡಬಹುದಾ?

ಓಹಾಯೋ ಗೌಡ
ನಾನಿರುವುದು ಅಮೆರಿಕದ ಓಹಾಯೋದಲ್ಲಿ. ಹೋದ ವರ್ಷ ಕೋಲ್ಟ್ 1851 ನೇವಿಯ ಇಟಲಿ ಪ್ರತಿ ತಗೊಂಡೆ, .36 ಕ್ಯಾಲಿಬರ್, ಕರಿ ಮದ್ದು ತುಂಬಿ ಹೊಡೆಯುವಂಥದ್ದು. ಎರಡು ಈಡು ಹೊಡೆದರೆ ಮೂರನೆಯದಕ್ಕೆ ಸಿಲಿಂಡರ್ ತಿರುಗುವುದೇ ಇಲ್ಲ. ಬಿಚ್ಚಿ ನೋಡಿದರೆ ಒಡೆದ ಕೇಪಿನ (ಮದ್ದಿಗೆ ಕಿಡಿ ಕೊಡುವ ಪುಟ್ಟ ಲೋಹದ ಟೋಪಿ) ಚೂರು ಹ್ಯಾಮರ್ (ಕೇಪನ್ನು ಹೊಡೆಯುವ ಕುದುರೆ) ಸಂದಿಯೊಳಗೆ. ಇನ್ನೊಂದು, ವೆಜ್ಜನ್ನು (ಬ್ಯಾರಲ್ಲನ್ನು ಹಿಡಿದಿಡುವ ಅಡ್ಡ ಬೆಣೆ) ಸ್ವಲ್ಪ ಜೋರಾಗಿ ತಟ್ಟಿದರೂ ಸಿಲಿಂಡರ್ ಬಿಗಿಯಾಗುತ್ತದೆ. ನನ್ನ ಹತ್ತಿರ ಇರುವುದು ನಾಲ್ಕು ಸಣ್ಣ ಅರ, ಒಂದು ಸಾಣೆಕಲ್ಲು, ಬೆಂಚ್ ವೈಸ್ ಅಷ್ಟೇ. ಲೇತ್ ಇಲ್ಲ.

ಕೇಪಿನಕೋವಿ
ಮೊದಲು ಒಂದು ಪ್ರಶ್ನೆ. ಹ್ಯಾಮರ್ ಹಗುರಾಗಲಿ ಅಂತ ಮೇನ್ ಸ್ಪ್ರಿಂಗನ್ನು ಉಜ್ಜಿ ತೆಳ್ಳಗೆ ಮಾಡಿದ್ದೀರಾ?

ಓಹಾಯೋ ಗೌಡ
ಮಾಡಿದ್ದೆ... ವಿಡಿಯೋ ನೋಡಿ.

ಕೇಪಿನಕೋವಿ
ಅಲ್ಲೇ ಇದೆ ನೋಡಿ. ಮದ್ದು ಸಿಡಿದಾಗ ನಿಪ್ಪಲ್ (ಕೇಪು ಕೂರುವ ಸಣ್ಣ ಕೊಳವೆ) ತೂತಿನಿಂದಲೂ ಗಾಳಿ ಹಿಂದಕ್ಕೆ ನುಗ್ಗುತ್ತದೆ. ಸ್ಪ್ರಿಂಗ್ ಸೋತಿದ್ದರೆ ಆ ಒತ್ತಡಕ್ಕೆ ಹ್ಯಾಮರ್ ಎದ್ದುಬಿಡುತ್ತದೆ, ಅದರ ಜೊತೆ ಕೇಪೂ ಹಿಂದಕ್ಕೆ ಬರುತ್ತದೆ. ಹೊಸ ಸ್ಪ್ರಿಂಗ್ ಹಾಕಿ. ಆಮೇಲೆ ಹ್ಯಾಮರ್ ಮುಖದಲ್ಲಿರುವ ಆ ಸಣ್ಣ ಕಚ್ಚನ್ನು ನೋಡಿ, ಸಿಲಿಂಡರ್ ಹಿಂದಿನ ಮೊಳೆಯ ಮೇಲೆ ಕೂರಲು ಮಾಡಿದ್ದು. ಅದರ ಅಂಚು ಚೂಪಾಗಿದ್ದರೆ ಕೇಪನ್ನು ಕಚ್ಚಿ ಎಳೆಯುತ್ತದೆ. 400ರ ಉಜ್ಜುಕಾಗದ, ಆಮೇಲೆ 600, ಅಂಚಿನ ಚೂಪು ಮಾತ್ರ ತೆಗೆಯಿರಿ, ಜಾಸ್ತಿ ಬೇಡ.

ಫುಲ್ ಕಾಕ್ ಕಚ್ಚಿನ (ಪೂರ್ತಿ ಎಳೆದ ಹ್ಯಾಮರನ್ನು ಟ್ರಿಗರ್ ಹಿಡಿದಿಡುವ ಜಾಗ) ಹತ್ತಿರ ಮಾತ್ರ ಕಲ್ಲು ತಗೊಂಡು ಹೋಗಬೇಡಿ. ಅಲ್ಲಿ ಗಟ್ಟಿ ಇರುವುದು ಮೇಲಿನ ತೆಳು ಪದರ ಅಷ್ಟೇ. ಅದು ಸವೆದರೆ ಒಂದು ದಿನ ಟ್ರಿಗರ್ ಮುಟ್ಟದೆಯೇ ಹ್ಯಾಮರ್ ಬೀಳುತ್ತದೆ.

ಸಾಣೆಕಲ್ಲು
ವೆಜ್ ವಿಷಯ ನಾನು ಹೇಳುತ್ತೇನೆ, ಆರು ತಿಂಗಳು ತಲೆ ಕೆಡಿಸಿಕೊಂಡಿದ್ದೆ. ಆರ್ಬರ್ (ಸಿಲಿಂಡರ್ ತಿರುಗುವ ನಡುಗಂಬಿ) ತುದಿ, ಅದು ಕೂರುವ ಬ್ಯಾರಲ್ ಕೆಳಗಿನ ತೂತಿನ ತಳ ಮುಟ್ಟಬೇಕು. ಮುಟ್ಟದಿದ್ದರೆ ವೆಜ್ ಒಳಗೆ ಹೋದಷ್ಟೂ ಬ್ಯಾರಲ್ ಹಿಂದಕ್ಕೆ ಬಂದು ಸಿಲಿಂಡರನ್ನು ಒತ್ತುತ್ತದೆ. ಸಿಲಿಂಡರ್ ತೆಗೆದಿಟ್ಟು, ಬ್ಯಾರಲ್ಲನ್ನು ಓರೆಯಾಗಿ ತಿರುಗಿಸಿ ಆರ್ಬರ್ ಮೇಲೆ ಕೊನೆಯವರೆಗೆ ತಳ್ಳಿ. ಬ್ಯಾರಲ್ ಕೆಳಭಾಗ ಫ್ರೇಮಿನ ಮುಖ ದಾಟಿ ಹಿಂದೆ ಬಂದರೆ ಆರ್ಬರ್ ಅಷ್ಟು ಗಿಡ್ಡ. ತೂತಿನ ತಳಕ್ಕೆ ಉಕ್ಕಿನ ಪುಟ್ಟ ಬಿಲ್ಲೆ ಹಾಕಿ, ಅದನ್ನೇ ಅರದಲ್ಲಿ ಉಜ್ಜುತ್ತಾ ಬನ್ನಿ. ಎಲ್ಲಿ ತಾಗುತ್ತದೆ ಅಂತ ಗೊತ್ತಾಗಲು ಹರಳೆಣ್ಣೆ ದೀಪದ ಕಾಡಿಗೆ ಹಿಡಿಸಿ, ಹೊಳೆಯುವ ಚುಕ್ಕೆ ಬಿದ್ದ ಕಡೆ ಎರಡು ಸಲ ಎಳೆಯಿರಿ, ಮತ್ತೆ ಜೋಡಿಸಿ. ನನಗೆ ಒಂದು ಭಾನುವಾರ ಪೂರ್ತಿ ಹಿಡಿಯಿತು. ಬ್ಯಾರಲ್ಲಿಗೂ ಸಿಲಿಂಡರಿಗೂ ನಡುವೆ 0.1 ಮಿಮೀ ಆಸುಪಾಸು ಉಳಿದರೆ ಸಾಕು.

ಸಾಗರದ ಹುಡುಗ
ನಮ್ಮ ಮನೆಯಲ್ಲಿ ಅಜ್ಜನ ಕಾಲದ ಕೇಪಿನ ಕೋವಿ ಇದೆ, ಕುದುರೆ ಸಡಿಲ. ಅದಕ್ಕೂ ಹೀಗೇ ಮಾಡಬಹುದಾ?

ಕೇಪಿನಕೋವಿ
ಬೇಡ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಕೋವಿ ರಿಪೇರಿ ಮಾಡುವುದಕ್ಕೂ ಲೈಸೆನ್ಸ್ ಬೇಕು. ಲೈಸೆನ್ಸ್ ಇರುವ ಕೋವಿ ಅಂಗಡಿಗೆ ತಗೊಂಡು ಹೋಗಿ.

ಓಹಾಯೋ ಗೌಡ
ಹೊಸ ಸ್ಪ್ರಿಂಗ್, ಬಿಲ್ಲೆ ಎರಡೂ ಹಾಕಿದೆ. ಮೂರು ಸಲ ಸಿಲಿಂಡರ್ ತುಂಬಿ ಹದಿನೆಂಟು ಈಡು ಹೊಡೆದೆ. ಒಂದೇ ಸಲ ನಿಂತಿತು, ಅದೂ ಹ್ಯಾಮರ್ ಎಳೆಯುವಾಗ ಮೂತಿ ಮೇಲೆತ್ತಲು ಮರೆತಿದ್ದೆ, ಎತ್ತಿದರೆ ಚೂರು ತಾನೇ ಕೆಳಗೆ ಉದುರುತ್ತದಲ್ಲ. ಬಿಸಿನೀರು ಸೋಪಲ್ಲಿ ತೊಳೆದು ಒಣಗಲು ಇಟ್ಟಿದ್ದೇನೆ. ಅಡುಗೆಮನೆ ಸಿಂಕಲ್ಲಿ ತೊಳೆದೆ ಅಂತ ಮನೆಯವಳು ಇನ್ನೂ ಬೈಯುತ್ತಿದ್ದಾಳೆ.