ಪೇಟೆಂಟ್‌ಗೆ ‘ಸನ್ನದು’ ಅನ್ನಬಹುದಾ? ‘ಕಂಡುಹಿಡಿ’ಗೆ ಏನು ಮಾಡೋಣ?

ಎಲ್ಲರಿಗೂ ನಮಸ್ಕಾರ, ಪೇಟೆಂಟ್ ಬಗ್ಗೆ ಒಂದು ಕನ್ನಡ ಟಿಪ್ಪಣಿ ಬರೆಯುತ್ತಿದ್ದೇನೆ, ಕೆಲವು ಪದಗಳಿಗೆ ನಿಮ್ಮ ಸಲಹೆ ಬೇಕು.

ನನ್ನ ಅಕ್ಕನ ಮಗ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದಾನೆ. ಗಾಣಕ್ಕೆ ಹಾಕುವ ಕೊಬ್ಬರಿ ಒಣಗಿದೆಯೋ ಇಲ್ಲವೋ ನೋಡಲು ಒಂದು ಪುಟ್ಟ ಸಾಧನ ಮಾಡಿದ್ದಾನೆ. ಸೋಪಿನ ಡಬ್ಬಿಯೊಳಗೆ 9 ವೋಲ್ಟಿನ ಬ್ಯಾಟರಿ, ಹೊರಗೆ ಎರಡು ಸೂಜಿ. ಕೊಬ್ಬರಿ ಬಟ್ಟಲಿಗೆ ಚುಚ್ಚಿದರೆ, ಒಳಗೆ ಪಸೆ ಇದ್ದಷ್ಟೂ ಕರೆಂಟು ಜಾಸ್ತಿ ಹರಿದು ಕುಂಯ್ ಅನ್ನುತ್ತದೆ, ಒಣಗಿದ್ದರೆ ಸುಮ್ಮನಿರುತ್ತದೆ. ಇದಕ್ಕೆ ಪೇಟೆಂಟ್ (ಹೊಸ ಸಾಧನವನ್ನು ಬೇರೆಯವರು ನಕಲು ಮಾಡದಂತೆ ತಡೆಯುವ ಹಕ್ಕು) ಮಾಡಿಸು ಅಂತ ಯಾರೋ ಹೇಳಿದರು. ಇವನು ‘ಹಕ್ಕುಸ್ವಾಮ್ಯ’ ಅಂತ ಹುಡುಕಿ, ಎರಡು ದಿನ ಪುಸ್ತಕ, ಹಾಡುಗಳಿಗೆ ಸಿಗುವ ಕಾಪಿರೈಟ್‌ನ ಅರ್ಜಿ ತುಂಬಿಕೊಂಡು ಕೂತಿದ್ದ! ತಪ್ಪು ಅವನದಲ್ಲ. ನಮ್ಮ ಬರಹಗಳಲ್ಲಿ ಎರಡಕ್ಕೂ ಅದೇ ಪದ ಓಡಾಡುತ್ತಿದೆ.

ಹಾಗಾದರೆ ಪೇಟೆಂಟ್‌ಗೆ ಏನು ಅನ್ನೋಣ? ‘ಏಕಸ್ವಾಮ್ಯ’ ಅಂದರೆ ಅಂಗಡಿ ಪೂರ್ತಿ ಒಬ್ಬನದೇ ಅನ್ನುವ ಹಾಗಿದೆ. ‘ಹಕ್ಕುಪತ್ರ’ ಅಂದರೆ ಹಳ್ಳಿಯಲ್ಲಿ ಎಲ್ಲರಿಗೂ ಜಮೀನೋ ನಿವೇಶನವೋ ನೆನಪಾಗುತ್ತದೆ. ನನಗೆ ಹೊಳೆದದ್ದು ‘ಸನ್ನದು’. ಪೇಟೆಂಟ್ ಅನ್ನುವುದರ ಹುಟ್ಟು ಲ್ಯಾಟಿನ್‌ನಲ್ಲಿ, ‘ತೆರೆದ ಪತ್ರ’ ಅಂತ ಅರ್ಥ. ರಾಜ ಯಾರಿಗೋ ಒಂದು ಹಕ್ಕು ಕೊಟ್ಟು, ಎಲ್ಲರೂ ಓದಲಿ ಅಂತ ಮಡಿಸಿ ಮುದ್ರೆ ಒತ್ತಿ ಮುಚ್ಚದೆ ಬಿಡುತ್ತಿದ್ದ ಕಾಗದ. ನಮ್ಮ ಸನ್ನದೂ ಹೆಚ್ಚುಕಡಿಮೆ ಅದೇ ಅಲ್ವಾ? ಆದರೆ ಒಂದು ತೊಡಕು. ಈಗ ಸನ್ನದು ಅಂದರೆ ವಕೀಲರ ಲೈಸೆನ್ಸು, ಇಲ್ಲವಾದರೆ ಮದ್ಯ ಮಾರುವ ಬಾರಿನದು. ಅಕ್ಕನ ಮುಂದೆ ‘ನಿನ್ನ ಮಗ ಸನ್ನದುದಾರ ಆಗ್ತಾನೆ’ ಅಂದರೆ ಊಟ ಹಾಕದೆ ಕಳಿಸುತ್ತಾಳೆ.

‘ತೆರೆದ’ ಅನ್ನುವುದು ಪದದಲ್ಲಿ ಉಳಿದರೆ ಒಳ್ಳೆಯದು ಅಂತ ನನ್ನ ಆಸೆ. ಪೇಟೆಂಟ್ ಅಂದರೆ ಗುಟ್ಟು ಕಾಪಾಡುವುದು ಅಂತ ಜಾಸ್ತಿ ಜನ ತಿಳಿದಿದ್ದಾರೆ. ನಿಜಕ್ಕೂ ಉಲ್ಟಾ. ನಮ್ಮ ದೇಶದಲ್ಲಿ ಅರ್ಜಿ ಹಾಕಿ 18 ತಿಂಗಳಾದ ಮೇಲೆ ಅದನ್ನು ಪ್ರಕಟಿಸುತ್ತಾರೆ, ಯಾರು ಬೇಕಾದರೂ ಓದಬಹುದು. ಮಾಡುವ ಬಗೆ ಬಿಚ್ಚಿಟ್ಟಿದ್ದಕ್ಕೆ ಪ್ರತಿಯಾಗಿ 20 ವರ್ಷದ ಹಕ್ಕು. ಮುಚ್ಚಿಡಬೇಕಾದ್ದು ಅರ್ಜಿಗೆ ಮುಂಚೆ. ಮೊದಲೇ ಊರಿಗೆಲ್ಲ ತೋರಿಸಿಬಿಟ್ಟರೆ ‘ಇದು ಹೊಸದಲ್ಲ’ ಅಂತ ಅರ್ಜಿ ಬಿದ್ದುಹೋಗಬಹುದು. ಇದನ್ನು ಹೇಳಿ, ಕಾಲೇಜಿನ ಪ್ರದರ್ಶನಕ್ಕೆ ಹೊರಟಿದ್ದ ಸೋಪಿನ ಡಬ್ಬಿಯನ್ನು ವಾಪಸ್ ಬ್ಯಾಗಿಗೆ ಹಾಕಿಸಿದೆ.

ಎರಡನೇ ತಲೆನೋವು ‘ಕಂಡುಹಿಡಿ’. ಗುರುತ್ವಾಕರ್ಷಣೆಯನ್ನೂ ಕಂಡುಹಿಡಿದರು, ಟೆಲಿಫೋನನ್ನೂ ಕಂಡುಹಿಡಿದರು, ಪೊಲೀಸರು ಕಳ್ಳನನ್ನೂ ಕಂಡುಹಿಡಿದರು. ಮಾತಿಗೆ ಸರಿ, ಕಾನೂನಿಗೆ ಸಾಲದು. 1970ರ ಪೇಟೆಂಟ್ ಕಾಯಿದೆಯ 3ನೇ ಸೆಕ್ಷನ್ ಪ್ರಕಾರ, ಪ್ರಕೃತಿಯಲ್ಲಿ ಮೊದಲೇ ಇದ್ದದ್ದು ಕಣ್ಣಿಗೆ ಬಿದ್ದರೆ ಅಷ್ಟಕ್ಕೇ ಪೇಟೆಂಟ್ ಇಲ್ಲ. ಜಗದೀಶಚಂದ್ರ ಬೋಸರನ್ನೇ ನೋಡಿ. ಗೆಲೀನಾ ಅನ್ನುವ ಸೀಸದ ಅದಿರಿನ ಹರಳು ರೇಡಿಯೋ ಅಲೆಗೆ ಸ್ಪಂದಿಸುತ್ತದೆ ಅನ್ನುವುದು ಕಂಡುಕೊಂಡದ್ದು. ಆ ಹರಳು ಇಟ್ಟು ಅಲೆ ಹಿಡಿಯುವ ಸಾಧನ ಕಟ್ಟಿದ್ದು ಬೇರೆ. 1901ರಲ್ಲಿ ಅಮೆರಿಕದಲ್ಲಿ ಅರ್ಜಿ ಹೋಗಿ 1904ರಲ್ಲಿ ಪೇಟೆಂಟ್ ಸಿಕ್ಕಿದ್ದು ಆ ಸಾಧನಕ್ಕೆ. (ಅವರಿಗೆ ಪೇಟೆಂಟ್ ಅಂದರೇ ಇಷ್ಟವಿರಲಿಲ್ಲ, ಸ್ನೇಹಿತರ ಒತ್ತಾಯಕ್ಕೆ ಒಪ್ಪಿದ್ದು.) ಹಾಗಾಗಿ ಮೊದಲನೆಯದಕ್ಕೆ ‘ಕಾಣ್ಕೆ’, ಎರಡನೆಯದಕ್ಕೆ ‘ಹೊಸಕಟ್ಟು’ ಅಂದರೆ? ‘ಆವಿಷ್ಕಾರ’ ಇದೆ, ಗೊತ್ತು. ಆದರೆ ಅದನ್ನೂ ಎರಡಕ್ಕೂ ಬಳಸಿ ಸವೆಸಿದ್ದೇವೆ.

ಇನ್ನು, ಇವನ ಡಬ್ಬಿಯಂಥ ಕೈಯಲ್ಲಿ ಹಿಡಿದು ಓಡಾಡಬಹುದಾದ ಸಾಧನಕ್ಕೆ ಹೇಳುವ ‘ಪೋರ್ಟಬಲ್’. ‘ಸಾಗಿಸಬಹುದಾದ’ ಅಂದರೆ ಲಾರಿ ಕಣ್ಣಮುಂದೆ ಬರುತ್ತದೆ. ‘ಕೈಸಾಧನ’ ಸಾಕು ಅನ್ನಿಸುತ್ತದೆ.

ನಿಮ್ಮ ಕಡೆ ಬೇರೆ ಪದ ಬಳಕೆಯಲ್ಲಿದ್ದರೆ ತಿಳಿಸಿ. ಅರ್ಜಿ ಹೇಗೂ ಚೆನ್ನೈ ಕಚೇರಿಗೆ ಇಂಗ್ಲಿಷಿನಲ್ಲೇ ಹೋಗುತ್ತದೆ. ನಾನು ಬರೆಯುತ್ತಿರುವುದು ಅವನ ಜೊತೆಯ ಹುಡುಗರಿಗೊಂದು ನಾಲ್ಕು ಪುಟದ ಕನ್ನಡ ಟಿಪ್ಪಣಿ. ಅವನಂತೂ ‘ಮಾವ, ಪೇಟೆಂಟ್ ಅಂತಾನೇ ಬರೀರಿ, ಎಲ್ಲರಿಗೂ ಗೊತ್ತು’ ಅಂತಾನೆ.